ನಾಲ್ಕನ್ನು ಕೈಬಿಡಬೇಡಿ

"ನಾನು... ಕಿವಿಯಂತ್ರ ರಿಪೇರಿಯವನು. ಇನ್ನೂ ನಾಲ್ಕನ್ನ ಇಟ್ಕೊಂಡಿದ್ದೀರಾ? ಬಿಟ್ಬಿಡಿ ಅಂತ ಆವತ್ತೇ ಹೇಳಿದ್ನಲ್ಲ!"

ಬಾಗಿಲಲ್ಲಿ ನಿಂತವನನ್ನು ಕಂಡು ಅವಳು ಕುರ್ಚಿಯಿಂದ ಎದ್ದಳು. ಅವನ ಪತ್ರಗಳೆಲ್ಲ ಬಾಯಿಪಾಠ, ಮುಖ ನೋಡಿದ್ದು ಇವತ್ತೇ ಮೊದಲು!

ಶ್ರವಣ ಪರೀಕ್ಷೆಯ ಆ ಉಚಿತ ತಂತ್ರಾಂಶವನ್ನು ಅವನೂ ಸೇರಿ ಹತ್ತಾರು ಜನ ಅವರವರ ಮನೆಯಿಂದಲೇ ಬರೆಯುತ್ತಿದ್ದರು. ಅದಕ್ಕೆ ಅವಳೇ ಯಜಮಾನಿ. ಬರೆದದ್ದನ್ನು ಯಂತ್ರಕ್ಕೆ ಅರ್ಥವಾಗುವಂತೆ ಮಾಡುವ ಕಂಪೈಲರ್‌ನ ಯಾವ ಆವೃತ್ತಿಗಳನ್ನು ಉಳಿಸಿಕೊಳ್ಳಬೇಕೆಂದು ತೀರ್ಮಾನಿಸಲು ಇಂದು ಗ್ರಂಥಾಲಯದ ಮಹಡಿಯಲ್ಲಿ ಸೇರಿದ್ದರು.

ಹಳೆಯ ನಾಲ್ಕನೇ ಆವೃತ್ತಿಗೂ ಹೊಂದಿಸಲು ಎಷ್ಟೋ ಸಾಲುಗಳನ್ನು ಎರಡೆರಡು ಸಲ ಬರೆಯಬೇಕಿತ್ತು. ಎರಡು ವರ್ಷದಿಂದ ಅವಳ ಭಾನುವಾರಗಳೆಲ್ಲ ಅದಕ್ಕೇ ಹೋಗಿದ್ದವು.

"ಬೇಡ ಅಂದವನ ಕಂಪೈಲರ್ ಸಾಕ್ತಾ ಕೂತಿದ್ದೀಯಲ್ಲೇ!" ಎಂದು ಅಕ್ಕ ಗೇಲಿ ಮಾಡುತ್ತಿದ್ದಳು.

ನಾನು ಬೇಡವಾದರೇನು? ಅವರಿಗೆ ನಾಲ್ಕು ಬೇಕಲ್ಲ... ಇಷ್ಟಾದರೂ ಮಾಡುತ್ತೇನೆ ಎಂದುಕೊಳ್ಳುತ್ತಿದ್ದಳು.

"ನೀವೇ ಅಂಗಲಾಚಿದ್ದಲ್ವಾ?" ಎಂದು ಅವಳು ಅವನತ್ತ ತಿರುಗಿದಳು. ಎರಡು ವರ್ಷದ ಹಿಂದೆ ಎಲ್ಲರನ್ನೂ ಕೇಳಿದ್ದ ಪ್ರಶ್ನೆಯನ್ನು ಪರದೆಯ ಮೇಲೆ ತೆರೆದಳು: ನಾಲ್ಕನ್ನು ಇಟ್ಟುಕೊಳ್ಳೋಣವೇ? ಕೆಳಗೆ ಅವನ ಉತ್ತರವಿತ್ತು.

"ದಯವಿಟ್ಟು ಕೈಬಿಡಬೇಡಿ. ನನಗೆ ಬೇಕು. ಕೊನೆಯವರೆಗೂ ಬೇಕು."

ಯಾರೋ ಕಿಸಕ್ಕೆಂದರು. "ಅದಕ್ಕೇ ನಿಮಗೆ ನಾಲ್ಕಪ್ಪ ಅಂತ ಹೆಸರಿಟ್ಟಿದ್ದು!"

ಅವನ ಮುಖ ಕೆಂಪೇರಿತು. "ಇದು... ಇದು ಇಲ್ಲಿಗೆ ಬರೆದದ್ದಲ್ಲ!"

ಇದ್ದಕ್ಕಿದ್ದಂತೆ ಎಲ್ಲರಿಗೂ ಟೀ ನೆನಪಾಗಿ ಕೋಣೆ ಖಾಲಿಯಾಯಿತು.

"ಅದೇ ದಿನ ನನಗೊಬ್ಬನಿಗೇ ಒಂದು ಪತ್ರ ಬರೆದಿದ್ರಿ..."

ಬರೆದಿದ್ದಳು. ಜೀವನಪೂರ್ತಿ ಜೊತೆಗಿರುವ ಆಸೆ ನನಗಿದೆ, ನಿಮಗೆ? ಬಂದ ಉತ್ತರ: "ಬೇಡ. ಸುಮ್ಮನೆ ಹೊರೆ. ಇವತ್ತೇ ಕೈಬಿಡಿ." ಹೊರೆ ಎಂಬ ಆ ಒಂದು ಮಾತಿಗೆ ಅದೆಷ್ಟು ಸಲ ಅತ್ತಿದ್ದಳೋ!

"ಎರಡನ್ನೂ ಪಕ್ಕಪಕ್ಕ ತೆರೆದಿದ್ದೆ. ಖುಷೀಲಿ ಗಮನಿಸಲೇ ಇಲ್ಲ... ಉತ್ತರಗಳು ಅದಲುಬದಲಾಗಿವೆ! ಹೊರೆ ಅಂದಿದ್ದು ಕಂಪೈಲರ್‌ನ. ನಮ್ಮ ಅಂಗಡೀಲಿ ನಾಲ್ಕು ಯಾವತ್ತೋ ಹೋಯ್ತು. ಬೇಕು ಅಂದಿದ್ದು..."

ಅವನು ಅವಳತ್ತ ನೋಡಿದ.

"ಮತ್ತೆ ಯಾಕೆ ಬರೀಲಿಲ್ಲ?"

"ಕೊನೆಯವರೆಗೂ ಬೇಕು ಅಂದವನಿಗೆ ನೀವು ಒಂದಕ್ಷರ ಉತ್ತರ ಕೊಡ್ಲಿಲ್ಲ. ಮನಸ್ಸು ಬದಲಾಯ್ತೇನೋ ಅಂದ್ಕೊಂಡು ಈ ಕಡೆ ತಿರುಗಿಯೂ ನೋಡ್ಲಿಲ್ಲ. ಇವತ್ತಿನ ಸಭೆಗೆ ಕರೆ ಬಂತು... ಒಂದೇ ಒಂದು ಸಲ ಮುಖ ನೋಡಿ ಹೋಗೋಣ ಅಂತ ಬಂದೆ."

ಎರಡು ವರ್ಷ! ಇಬ್ಬರೂ ಒಬ್ಬರಿಗೊಬ್ಬರು ಕಾಯುತ್ತಲೇ ಕಳೆದ ಎರಡು ವರ್ಷ! ಅವಳಿಗೆ ಅಳುವೂ ಬಂತು, ನಗುವೂ ಬಂತು. ಕಣ್ಣೊರೆಸಿಕೊಂಡು ಪಟ್ಟಿಯಲ್ಲಿದ್ದ ನಾಲ್ಕನ್ನು ಅಳಿಸಿದಳು.

"ನಿಮ್ಮ ನಾಲ್ಕನ್ನ ಕೈಬಿಟ್ಟೆ."

"ಮತ್ತೆ... ನನ್ನನ್ನ?"

"ಮೊದಲು ಎದುರಿಗೇ ಹೇಳಿ. ನಿಮ್ಮ ಬರವಣಿಗೆ ಮೇಲೆ ನನಗೆ ನಂಬಿಕೆ ಇಲ್ಲ!"

ಅವನು ಹತ್ತಿರ ಬಂದ. "ದಯವಿಟ್ಟು ಕೈಬಿಡಬೇಡಿ. ನನಗೆ ಬೇಕು... ಕೊನೆಯವರೆಗೂ ಬೇಕು."

ಅವಳು ಅವನ ಕೈ ಹಿಡಿದುಕೊಂಡಳು.

"ಬಿಡಲ್ಲ... ಹೊರೆಯಾದ್ರೂ ಬಿಡಲ್ಲ."