ದೋಷ: ಫೈಲ್ ಇಲ್ಲ

ಬಾಗಿಲು ತಟ್ಟುವ ಸೌಜನ್ಯವನ್ನೂ ಅವಳು ತೋರಲಿಲ್ಲ. ಆಸ್ಪತ್ರೆಯ ರಕ್ತಪರೀಕ್ಷೆಯ ಲ್ಯಾಬಿನಿಂದ ಎರಡು ಮಹಡಿ ದಡದಡನೆ ಹತ್ತಿ ಬಂದು, ಪ್ರೋಗ್ರಾಮರನ ಮೇಜಿನ ಮೇಲೆ ಒಂದು ಹಾಳೆ ಬಡಿದಳು.

"ಓದಿ ಇದನ್ನ."

ಅವನು ಕನ್ನಡಕ ಸರಿಮಾಡಿಕೊಂಡ. "ದೋಷ: ಫೈಲ್ ಇಲ್ಲ."

"ಯಾವ ಫೈಲು? ಯಾವ ಪ್ರೋಗ್ರಾಂ ಹೇಳ್ತಿರೋದು? ಯಾಕಿಲ್ಲ? ಬರೆದೋರು ನೀವೇ ತಾನೇ, ಹೇಳಿ!"

ಅವನು ಹಾಳೆಯ ಮೇಲೆ ಬಗ್ಗಿದ. ಎರಡು ವರ್ಷಗಳಿಂದ ಅವಳು ಮೆಟ್ಟಿಲ ಮೇಲೆ ಎದುರಾದಾಗಲೆಲ್ಲ ಮನಸ್ಸಿನ ಮಾತು ಹೇಳಬೇಕೆಂದುಕೊಂಡು, ಕೊನೆಗೆ 'ಲಿಫ್ಟ್ ಕೆಟ್ಟಿದೆಯಾ?' ಎಂದು ಕೇಳಿ ಜಾರಿಕೊಂಡವನು ಅವನು. 'ಚೆನ್ನಾಗೇ ಇದೆ. ನೀವ್ಯಾಕೆ ದಿನಾ ಮೆಟ್ಟಿಲು ಹತ್ತೋದು?' ಎಂದು ಅವಳು ಹುಬ್ಬು ಹಾರಿಸಿ ನಗುತ್ತಿದ್ದಳು. ಇವತ್ತು ಆ ಹುಬ್ಬುಗಳು ಗಂಟಿಕ್ಕಿದ್ದವು. ಸಿಟ್ಟಿಗೆ ಮೂಗಿನ ತುದಿ ಕೆಂಪಾಗಿತ್ತು.

"ಆ ಫೈಲನ್ನ ಬೆಳಗ್ಗೆಯಿಂದ ಹುಡುಕಿದೀನಿ, ಒಂದು ಮಗುವಿನ ಫಲಿತಾಂಶ ಎಲ್ಲೂ ಇಲ್ಲ. ಅಷ್ಟರಲ್ಲಿ ತೆಗೆದಿಟ್ಟ ರಕ್ತಾನೂ ಕೆಟ್ಟುಹೋಯ್ತು. ನಾನೇ ಫೈಲ್ ಅಳಿಸಿದೆ ಅಂತ ದೊಡ್ಡ ಡಾಕ್ಟರು ಎಲ್ಲರೆದುರು ಬೈದ್ರು. ನಾಲ್ಕು ವರ್ಷದ ಮಗು ರೀ! ಅದರ ಕೈಗೆ ಮತ್ತೆ ಸೂಜಿ ಚುಚ್ಚಿದೆ. 'ಆಗ್ಲೇ ಕೊಟ್ನಲ್ಲಾ ಆಂಟಿ' ಅಂತು."

ಅಳು ಬಂದದ್ದಕ್ಕೆ ಅವಳಿಗೆ ಇನ್ನಷ್ಟು ಸಿಟ್ಟು ಬಂತು. ಹಾಳೆಯನ್ನು ಅಲ್ಲೇ ಬಿಟ್ಟು ಹೊರಟುಹೋದಳು.

ಮೂರು ಗಂಟೆಗೆ ಅವನಿಗೆ ತಪ್ಪು ಸಿಕ್ಕಿತು. ಕಂಪ್ಯೂಟರಿನ ಡಿಸ್ಕ್ ತುಂಬಿಹೋಗಿ, ಮಗುವಿನ ಫಲಿತಾಂಶ ಬರೆಯಲು ಜಾಗವೇ ಇರಲಿಲ್ಲ. ಕಂಪ್ಯೂಟರನ್ನು ನಡೆಸುವ ಯೂನಿಕ್ಸ್ ವ್ಯವಸ್ಥೆ ಆ ಕಾರಣವನ್ನು ಒಂದು ಸಂಖ್ಯೆಯಾಗಿ ಸರಿಯಾಗಿಯೇ ತಿಳಿಸಿತ್ತು. ಆದರೆ ಅದನ್ನು ಪರದೆಗೆ ಹಾಕುವ ಮೊದಲೇ ಅವನ ಪ್ರೋಗ್ರಾಂ ಇನ್ಯಾವುದೋ ಫೈಲ್ ತೆರೆಯಲು ಹೋಗಿ, ಅದು ಸಿಗದೆ, ಮೊದಲಿನ ಸಂಖ್ಯೆಯ ಮೇಲೆ 'ಫೈಲ್ ಇಲ್ಲ' ಎಂಬ ಹೊಸ ಸಂಖ್ಯೆ ಬಂದು ಕೂತಿತ್ತು. ತೋರಿಸಿದ್ದು ಆ ಹೊಸದನ್ನು.

ಎರಡೇ ಎರಡು ಸಾಲು ಅದಲುಬದಲಾಗಿದ್ದವು. ಅವನಿಗೆ ತನ್ನ ಮೇಲೆಯೇ ಅಸಹ್ಯವಾಯಿತು. ಸಾಲುಗಳನ್ನೂ ಮೆಸೇಜನ್ನೂ ತಿದ್ದಿ, ಸೀದಾ ದೊಡ್ಡ ಡಾಕ್ಟರ ಕೋಣೆಗೆ ಹೋದ.

ಐದು ಗಂಟೆಗೆ ಅವಳು ಮತ್ತೆ ಬಂದಳು. ಈ ಸಲವೂ ಬಾಗಿಲು ತಟ್ಟಲಿಲ್ಲ.

"ದೊಡ್ಡ ಡಾಕ್ಟರ ಹತ್ರ ಹೋಗಿದ್ರಂತೆ?"

"ಹೌದು. ತಪ್ಪು ನಂದೇ ಅಂತ ಬರೆದುಕೊಟ್ಟೆ."

"ನನ್ನನ್ನ ಕೇಳದೆ? ನನಗೆ ಬಾಯಿಲ್ವಾ? ಬೈಸ್ಕೊಂಡೋಳು ನಾನು. ಮೊದಲು ನನಗೆ ಹೇಳ್ಬೇಕಿತ್ತು!"

ಈಗ ಅವನಿಗೂ ರೇಗಿತು. "ಏನು ಮಾಡಿದ್ರೂ ತಪ್ಪಾ? ನಿಮ್ಮನ್ನ ಯಾರೋ ಬೈದ್ರು ಅಂದ್ರೆ ಸುಮ್ನೆ ಕೂತಿರೋಕೆ ನನ್ನಿಂದಾಗಲ್ಲ!"

"ಯಾಕಾಗಲ್ಲ?"

"ನೀವಂದ್ರೆ ಇಷ್ಟ, ಅದಕ್ಕೆ! ಎರಡು ವರ್ಷದಿಂದ! ಸಾಕಾ?"

ಕೂಗಿದ ಮೇಲೆ ಅವನಿಗೇ ಗಾಬರಿಯಾಯಿತು. ಪಕ್ಕದ ಕೋಣೆಯಲ್ಲಿ ಟೈಪಿಸ್ಟ್ ಅಕ್ಕನ ಕೀಲಿಗಳ ಸದ್ದು ತಟ್ಟನೆ ನಿಂತಿತು.

"ಅಕ್ಕಾ, ಕೇಳಿಸ್ಕೊಂಡಿದ್ದು ಸಾಕು!" ಎಂದು ಅವಳು ಗೋಡೆಯ ಕಡೆ ಗದರಿದಳು. ಸದ್ದು ಮತ್ತೆ ಶುರುವಾಯಿತು, ಬೇಕಾದ್ದಕ್ಕಿಂತ ಜೋರಾಗಿ.

"ಮೊದಲು ತಿದ್ದಿದ ಮೆಸೇಜ್ ತೋರಿಸಿ," ಎಂದಳು.

ಅವನು ಪರದೆಯನ್ನು ಅವಳತ್ತ ತಿರುಗಿಸಿದ. ಯಾವ ಪ್ರೋಗ್ರಾಂ, ಯಾವ ಫೈಲು, ಏನಾಯಿತು, ಯಾಕಾಯಿತು ಎಂದು ಒಂದೇ ಸಾಲಿನಲ್ಲಿತ್ತು. ಅವಳು ಬಗ್ಗಿ ಓದಿದಳು. ಅವಳ ಉಸಿರು ಅವನ ಕಿವಿಗೆ ತಾಕಿತು. ಅವನು ಕೀಬೋರ್ಡನ್ನೇ ನೋಡುತ್ತ ಕೂತ.

"ಸರಿ. ಓದಿದೋಳು ಏನ್ಮಾಡ್ಬೇಕು? ಅದಿಲ್ವಲ್ಲ."

ಅವನು ಕೆಳಗೆ ಟೈಪ್ ಮಾಡಿದ: 'ಫೈಲ್ ಹುಡುಕಬೇಡಿ. ಇರುವ ರಕ್ತವನ್ನೇ ಈಗಲೇ ಮತ್ತೆ ಪರೀಕ್ಷಿಸಿ, ಫಲಿತಾಂಶ ಹಾಳೆಯಲ್ಲಿ ಬರೆದಿಡಿ. ಮಗುವಿಗೆ ಇನ್ನೊಮ್ಮೆ ಚುಚ್ಚಬೇಡಿ.'

ಅವಳು ಆ ಸಾಲುಗಳನ್ನು ಇನ್ನೊಮ್ಮೆ ಓದಿದಳು.

"'ಮಗುವಿಗೆ' ಅಲ್ಲ, 'ರೋಗಿಗೆ' ಅಂತ ಮಾಡಿ. ದೊಡ್ಡೋರಿಗೂ ನೋವಾಗತ್ತೆ," ಎಂದಳು.

ಅವನು ತಿದ್ದಿದ.

"ನನ್ನ ಕೋಪ ಇನ್ನೂ ಇಳಿದಿಲ್ಲ."

"ಗೊತ್ತು."

"ನಾಳೇನೂ ಇಳಿಯಲ್ಲ." ಅವಳು ಪಕ್ಕದ ಕುರ್ಚಿ ಎಳೆದು ಕೂತಳು. ಅವನ ಮುಖ ನೋಡದೆ, ಮೇಜಿನ ಅಂಚನ್ನು ಉಗುರಿನಿಂದ ಕೆರೆಯುತ್ತ ಅಂದಳು: "ಈಗ ಕೂಗಿದ್ಯಲ್ಲ, ಅದನ್ನ ಇನ್ನೊಂದ್ಸಲ ಹೇಳು. ಮೆಲ್ಲಗೆ."

'ಹೇಳಿ' ಎನ್ನದೆ 'ಹೇಳು' ಎಂದಿದ್ದಳು.

ಅವನು ಹೇಳಿದ.