ಛತ್ತಿನೊಳಗಿನ ಕುಂಕುಮ

ಸಿಂದಗಿ ಠಾಣೆಯಲ್ಲಿ ಹವಾಲ್ದಾರ ಅಫ್ತಾಬ ಹರವಿಯ ಬಾಯಿಗೆ ಅರಿವೆ ಕಟ್ಟಿ ನೀರು ಸೋಸುತ್ತಿದ್ದ. ಹರವಿ ಅರ್ಧ ತುಂಬುವಷ್ಟರಲ್ಲಿ ಆಲ್ಬಮ್ ಅಂಗಡಿಯ ಪರಪ್ಪ ಏದುಸಿರು ಬಿಡುತ್ತ ಒಳಬಂದ.

"ಮೇಡಂ, ನನ್ನ ಅಂಗಡ್ಯಾಗಿನ ಮದುವಿ ಫೋಟೋ ಯಾರೋ ಕದಿಯಾಕತ್ತಾರ್ರಿ."

ಪಿಎಸ್‌ಐ ಪ್ರಿಯದರ್ಶಿನಿ ತಲೆ ಎತ್ತಿದರು. "ಹೆಂಗ ಗೊತ್ತಾತು?"

"ನನ್ನ ಕಂಪ್ಯೂಟರಿನಿಂದ ನಮ್ಮ ಕೆಲಸದ ಹುಡುಗಿ ಭಾಗ್ಯಾನ ಕಂಪ್ಯೂಟರಿಗೆ ಒಂದು ಫೈಲು ಹೋಗಾಕ ತಾಸು ಹಿಡಿತೈತಿ. ಒಳಗಿಂದೊಳಗ ಯಾರೋ ಕಾಪಿ ಮಾಡಾಕತ್ತಾರ ಅಂತ ರಿಪೇರಿಯವ ಅಂದ. ಮಂದಿ ಮನಿ ಹೆಣ್ಮಕ್ಕಳ ಫೋಟೋ ಅವು. ಭಾಗ್ಯಾಂದ ಕೆಲಸ ಇದು. ಸಂಜಿಗೆ ಹೊರಗ ಹಾಕ್ತೇನಿ."

"ಹಾಕಬ್ಯಾಡ್ರಿ. ಮೊದಲ ನೋಡೂಣು."

ಎಫ್‌ಐಆರ್ ದಾಖಲಾಯಿತು. ಹನ್ನೊಂದು ಗಂಟೆಗೆ ಇಬ್ಬರು ಪಂಚರೊಂದಿಗೆ ಅಂಗಡಿಗೆ ಹೋದರು. ಆಲ್ಬಮ್ ಜೋಡಿಸುವ ಭಾಗ್ಯಾಳ ಕಣ್ಣು ಬಾತಿದ್ದವು.

"ಈ ಫೈಲು ಬರೂದ್ರಾಗ ಮದುಮಗಳಿಗೆ ಮಕ್ಕಳಾಗ್ತಾವ್ರಿ. ಕದಿಯೋಳು ಇಷ್ಟು ಸಾವಕಾಶ ಕದೀತಾಳೇನು? ಮುಂದಿನ ವಾರ ಇಂಡಿ ಊರಿನ ಗಂಡಿನವರು ನಿಶ್ಚಯಕ್ಕ ಬರಾವ್ರು. ಕಳ್ಳಿ ಅನಿಸ್ಕೊಂಡು ಹೆಂಗ ಕೂಡ್ಲಿ?"

ಎಲ್ಲ ವೈರು ಕೂಡುವ ಡಬ್ಬಿಯ ಮುಂದೆ ಅಫ್ತಾಬ ಕುಳಿತ. ಒಂದು ಫೈಲು ಕಳಿಸಲು ಹಚ್ಚಿ, ವೈರುಗಳನ್ನು ಒಂದೊಂದಾಗಿ ಕಿತ್ತು ನೋಡಿದ. ಕರಿ ವೈರು ಕಿತ್ತಾಗ, ತೆವಳುತ್ತಿದ್ದ ಫೈಲು ಓಡತೊಡಗಿತು. ಆ ವೈರು ಛತ್ತಿನೊಳಗೆ ಹೋಗಿತ್ತು. ಹಲಗೆ ಸರಿಸಿದರು. ಫೋಟೋಗಳು ನಕಲಾಗಿ ತುಂಬುತ್ತಿದ್ದ ಒಂದು ಡಿಸ್ಕ್ ಪೆಟ್ಟಿಗೆ. ಅದರ ಮೇಲೆ ವಿಭೂತಿ, ಕುಂಕುಮ, ಬಾಡಿದ ಚೆಂಡುಹೂವು.

ಅಮಾವಾಸ್ಯೆ ಮೊನ್ನೆ ಆಗಿತ್ತು.

"ಅಮಾಸಿಗೆ ಇಲ್ಲಿ ಮಷಿನಿಗೆ ಪೂಜಿ ಯಾರು ಮಾಡ್ತಾರ?" ಪ್ರಿಯದರ್ಶಿನಿ ಕೇಳಿದರು.

ಪರಪ್ಪ ಪ್ರಿಂಟಿಂಗ್ ಮಷಿನು ನಡೆಸುವ ಯಲ್ಲಾಲಿಂಗನತ್ತ ನೋಡಿದ.

"ನಾನ ರೀ," ಎಂದ ಯಲ್ಲಾಲಿಂಗ. "ಎಲ್ಲಾಕ್ಕೂ ಹಚ್ಚಿದೆ. ಅದೊಂದಕ್ಕ ಬಿಡಾಕ ಮನಸ್ಸು ಬರಲಿಲ್ಲ."

ಪಂಚನಾಮೆ ಬರೆದು ಅವನನ್ನು ಬಂಧಿಸಿದರು.

"ಯಾರಿಗೆ ಮಾರಿದಿ?" ಠಾಣೆಯಲ್ಲಿ ಪ್ರಿಯದರ್ಶಿನಿ ಕೇಳಿದರು.

"ಯಾರಿಗೂ ಇಲ್ರಿ. ಐತವಾರ ಮನಿಗೆ ಒಯ್ದು ನೋಡ್ತಿದ್ದೆ. ಹೆಂಡತಿ ಮಾಲಾ ತೀರ್ಕೊಂಡ್ಳು. ನಮ್ಮ ಮದುವಿ ಫೋಟೋ, ಕಂಪ್ಯೂಟರಿನ್ಯಾಗ ಜಾಗ ಸಾಲದಂತ ಪರಪ್ಪ ಸಾವ್ಕಾರ್ರು ಅಳಿಸಿದ್ರು. ಮಂದಿ ಮದುವ್ಯಾಗ ಎಲ್ಲೆರ ಕುಂತಿರ್ತಾಳಂತ ಹುಡುಕಾಕತ್ತಿದ್ದೆ."

"ಫೋಟೋ ನೋಡ್ತೇನಂತ ಸಾವ್ಕಾರ್ರನ್ನ ಕೇಳಬೇಕಿತ್ತಿಲ್ಲೋ?"

"ಕೇಳಿದೆ. ಮಂದಿ ಹೆಣ್ಮಕ್ಕಳನ್ನ ನೋಡೂ ಚಟ ಏನೋ ನಿನಗ, ಅಂದ್ರು."

ಡಿಸ್ಕಿನಲ್ಲಿದ್ದ ಫೋಟೋಗಳು ಯಾವ ಮದುವೆಯವೆಂದು ಗುರುತಿಸಲು ಭಾಗ್ಯಾಳನ್ನು ಠಾಣೆಗೆ ಕರೆಸಿದರು. ಮೂರನೆಯ ದಿನ ಅವಳ ಕೈ ತಟಕ್ಕನೆ ನಿಂತಿತು.

"ಮೇಡಂ, ಮಾಲಾ ಅಕ್ಕ."

ತಾಂಬಾ ಊರಿನ ಒಂದು ಮದುವೆ. ಊಟದ ಪಂಕ್ತಿಯಲ್ಲಿ, ಬಡಿಸುವವನ ಕೈಯ ಆಚೆ, ಬಾಯಿಗೆ ಸೆರಗು ಹಿಡಿದು ನಗುತ್ತಿದ್ದಳು.

ಆ ಫೋಟೋದ ಒಂದು ಪ್ರತಿ ತೆಗೆಯಲು ಮದುವೆ ಮನೆಯವರು ಒಪ್ಪಿದರು. ನ್ಯಾಯಾಲಯದ ಅನುಮತಿ ಬಂತು. ಯಲ್ಲಾಲಿಂಗನ ಚೀಲದಲ್ಲಿ ಇಂಗಳೇಶ್ವರದ ಅತ್ತೆ ರೇವವ್ವನ ವಿಳಾಸ ಬರೆದ ಲಕೋಟೆ ಇತ್ತು. ಮಗಳ ಫೋಟೋ ಕೇಳಿದ್ದ ಆಕೆಗೆ ಎರಡು ವರ್ಷದ ಹಿಂದೆ ಬರೆದ ಉತ್ತರ: 'ಇದರ ಕೂಡ ಫೋಟೋ ಇಟ್ಟೇನಿ.' ಇಡಲು ಫೋಟೋ ಇಲ್ಲದ್ದರಿಂದ ಅದು ಹಾಗೇ ಉಳಿದಿತ್ತು.

ಪ್ರಿಯದರ್ಶಿನಿ ಫೋಟೋ ಒಳಗಿಟ್ಟು ಅಂಟಿಸಿದರು. ಅಫ್ತಾಬ ಅಂಚೆಗೆ ಹಾಕಿ ಬಂದ.