ಹಸಿ ತೊಗಲಿನ ಹೊಲಿಗೆ

"ಸೂಜಿ ಎತ್ರಿ. ಈ ಮಷಿನ್ ನಿಮಗ ಕೊಡಂಗಿಲ್ಲ."

ಹಾಗೆಂದವನು ಅಂಗಡಿಯ ಮಾಲಕನಲ್ಲ, ಮೂಲೆಯಲ್ಲಿ ಕುಳಿತು ರಿಪೇರಿ ಮಾಡುವ ಸೋಮಪ್ಪ. ಅಂದವನೇ ಬಗ್ಗಿ, ಮಷಿನ್ ಕೊಳ್ಳಲು ಬಂದು ಹೊಲಿದು ನೋಡುತ್ತಿದ್ದ ಮರೆವ್ವನ ಕೈಯಡಿಯ ತೊಗಲನ್ನು ಎಳೆದುಕೊಂಡ. ದಾರ ಕತ್ತರಿಸಿ ಅವಳಿಗೇ ಹಿಂದಿರುಗಿಸಿದ.

ಬೈಲಹೊಂಗಲದ ಸಂತೆಯ ದಿನ. ಹೊಲಿಗೆ ಯಂತ್ರದ ಆ ಅಂಗಡಿಯಲ್ಲಿ ಹತ್ತು ಮಂದಿ ಇದ್ದರು. ಹತ್ತೂ ಮಂದಿ ತಿರುಗಿ ನೋಡಿದರು.

ಮರೆವ್ವ ಎದ್ದು ನಿಂತಳು. "ಯಾಕ ಕೊಡಂಗಿಲ್ಲ?"

ಸೋಮಪ್ಪನ ಕಣ್ಣು ಗಾದಿಯ ಮೇಲಿದ್ದ ಮಾಲಕ ಮಹಾಂತಪ್ಪನ ಕಡೆಗೆ ಹೋಗಿ ಬಂತು. "ನಿಮಗ ಇದು ಬ್ಯಾಡ. ಮನಿಗೆ ಹೋಗ್ರಿ."

"ನಮ್ಮ ಕೈ ಹತ್ತಿದ್ರ ಕಬ್ಬಿಣ ಕರಗತೈತೇನು?"

ಯಾರೋ ನಕ್ಕರು. ಸೋಮಪ್ಪ ತಲೆ ತಗ್ಗಿಸಿ ಸ್ಕ್ರೂ ತಿರುಗಿಸತೊಡಗಿದ.

"ಲೇ ಸೋಮ್ಯಾ, ಗಿರಾಕಿ ಜೋಡಿ ಹಿಂಗ ಮಾತಾಡೂದೇನು?" ಎಂದ ಮಹಾಂತಪ್ಪ. "ತಂಗಿ, ಮುಂದಿನ ಸಂತಿಗೆ ಬಾರವ್ವಾ. ನಾ ಕೊಡತೇನಿ. ಎಂಥಾ ದಪ್ಪಂದಿದ್ರೂ ಹೊಲಿಯೂ ಮಷಿನ್ ಇದು."

ಅವಳು ತುಂಡನ್ನು ಎತ್ತಿಕೊಂಡು ಮೆಟ್ಟಿಲಿಳಿದಳು.

ತನ್ನೂರು ಸಂಪಗಾಂವದವರೆಗೂ ಸಿಟ್ಟು ಆರಲಿಲ್ಲ. ಹೊರಗಿನವರ ಮಾತನ್ನು ಅವಳು ಎಷ್ಟೋ ನುಂಗಿದ್ದಳು. ಆದರೆ ಇವನು ರಾಮದುರ್ಗದ ಕಡೆಯವನು, ತೊಗಲು ಹೊಲಿಯುವ ಮನೆಯಲ್ಲೇ ಹುಟ್ಟಿದವನು. ನಮ್ಮ ಪೈಕಿಯವನೊಬ್ಬ ಇದ್ದಾನೆಂದೇ ಅವಳು ಆ ಅಂಗಡಿ ಆರಿಸಿದ್ದು.

'ನಮ್ಮವನs ಹಿಂಗ ಅನ್ನೂದೇನು... ನಾಕು ಮಂದಿ ಮುಂದ!'

ತೊಗಲು ಎಳೆದುಕೊಂಡಾಗ ಕಂಡ ಅವನ ತೋರುಬೆರಳು ಮತ್ತೆ ಮತ್ತೆ ನೆನಪಾಗುತ್ತಿತ್ತು. ಅಪ್ಪನಿಗಿರುವಂತೆಯೇ ಅಲ್ಲೊಂದು ಉಳಿ ಹಿಡಿದ ಗಂಟು. ಯಾಕೆ ನೆನಪಾಗುತ್ತದೆಂದು ತನ್ನ ಮೇಲೂ ಸಿಟ್ಟು ಬಂತು.

ಮನೆಯಲ್ಲಿ ಅಪ್ಪ ಕಾಡಪ್ಪ ಅವಳು ಹೊಲಿದು ತಂದ ತುಂಡನ್ನು ಬೆರಳಲ್ಲಿ ಸವರಿ ನೋಡಿದ. ಅವನ ಬಲಗೈ ಹೆಬ್ಬೆರಳು ಈಗ ಮಡಚುತ್ತಿರಲಿಲ್ಲ. ಬಾವಿಯಿಂದ ನೀರೆಳೆಯುವ ದೊಡ್ಡ ತೊಗಲ ಚೀಲಗಳನ್ನು ಮೂವತ್ತು ವರ್ಷ ಹೊಲಿದ ಹೆಬ್ಬೆರಳು ಅದು. ಸುತ್ತಲಿನ ಹೊಲಗಳಿಗೆ ಕರೆಂಟಿನ ಪಂಪು ಬಂದು ಆ ಕೆಲಸ ನಿಂತಿತ್ತು. ಈಗ ಬಸ್ ಕಂಡಕ್ಟರುಗಳು ಹೆಗಲಿಗೆ ಹಾಕುವ ರೊಕ್ಕದ ಚೀಲ ಕೇಳಿದ್ದರು, ಸುಗ್ಗಿ ಬರುವುದರೊಳಗೆ ನಲವತ್ತು. ಅಷ್ಟು ಕೈಹೊಲಿಗೆಯಿಂದ ಆಗದು. ಅದಕ್ಕೇ ಎಮ್ಮೆ ಮಾರಿದ್ದರು. ಮಷಿನ್ ಒಂದೇ ಸಲ ಕೊಳ್ಳುವ ಮಾತು. ತಪ್ಪಿದರೆ ಮಾರಲು ಇನ್ನೊಂದು ಎಮ್ಮೆ ಇರಲಿಲ್ಲ.

"ಹೊಲಿಗಿ ಚಂದ ಬಂದೈತಲ್ಲವ್ವಾ, ಇರವಿ ಸಾಲ ಹ್ವಾದಂಗ."

"ಅದನ್ನ ಅಂವಗ ಹೇಳು ಅಪ್ಪಾ." ಆ ತುಂಡನ್ನು ಗೂಟಕ್ಕೆ ಸಿಕ್ಕಿಸಿದಳು. ಮುಂದಿನ ಸಂತೆಗೆ ಹೋಗಿ ಅದೇ ಮಷಿನ್ನು ತರುವುದು, ಅವನ ಎದುರೇ ತರುವುದು... ಅಷ್ಟೇ ಅವಳ ತಲೆಯಲ್ಲಿತ್ತು.

ನಾಲ್ಕನೆಯ ದಿನ ಮಧ್ಯಾಹ್ನ, ಮನೆ ಕೇಳುತ್ತ ಬಂದ ಸೈಕಲ್ಲೊಂದು ಓಣಿಯಲ್ಲಿ ನಿಂತಿತು.

"ಯಾರ ಅಂವಾ?" ಎಂದ ಕಾಡಪ್ಪ.

"ಮನಿಗೆ ಹೋಗ್ರಿ ಅಂದಾವ," ಮರೆವ್ವ ಕಟ್ಟೆಯಿಂದ ಏಳಲಿಲ್ಲ. "ಈಗ ನಾ ಅಂತೇನಿ. ಮನಿಗೆ ಹೋಗ್ರಿ."

ಸೋಮಪ್ಪ ಸೈಕಲ್ ಹಿಡಿದುಕೊಂಡೇ ನಿಂತ. "ಹೋಗತೇನ್ರಿ. ಅವತ್ತ ಹೊಲದ ತುಂಡ ಐತೇನು?"

"ಐತಿ. ನಿಮ್ಮ ಮಾರಿಗೆ ತೋರಸಾಕs ಇಟ್ಟೇನಿ."

ಗೂಟದಿಂದ ಕಿತ್ತು ಅವನ ಕಾಲ ಬಳಿ ಎಸೆದಳು. ಅವನು ಅದನ್ನೆತ್ತಿ, ಧೂಳು ಒರೆಸಿ, ತಿರುಗಿ ಅವಳಿಗೇ ನೀಡಿದ. "ಎರಡೂ ಕೈಲೆ ಹಿಡದ ಎಳೀರಿ."

ಸಿಟ್ಟಿನಲ್ಲೇ ಎಳೆದಳು. ತೊಗಲು ಹೊಲಿಗೆಯ ಗುಂಟ, ಪೋಸ್ಟಿನ ತಿಕೀಟು ಹರಿದಂತೆ, ಸರಾಗವಾಗಿ ಎರಡಾಯಿತು.

ಮರೆವ್ವ ಎರಡೂ ತುಂಡುಗಳನ್ನು ತಿರುಗಿಸಿ ನೋಡಿದಳು.

ಕಾಡಪ್ಪ ಹರಿದ ಅಂಚನ್ನು ಸವರಿ ಕೇಳಿದ. "ಮಗಳ, ನೆನಸಿ ಒಯ್ದಿದ್ದೇನು?"

ನೆನೆಸಿಯೇ ಒಯ್ದಿದ್ದಳು. ಉಳಿ ಹಾಕುವ ಮೊದಲು ತೊಗಲು ನೆನೆಸುವುದು ಆ ಮನೆಯಲ್ಲಿ ಹಲ್ಲುಜ್ಜಿದಷ್ಟೇ ರೂಢಿ. ಬೆಳಗ್ಗೆ ಕಲ್ಲಿನ ದೋಣಿಯ ನೀರಲ್ಲಿ ಅದ್ದಿ, ಹಸಿ ಬಟ್ಟೆಯಲ್ಲಿ ಸುತ್ತಿ ತಂದಿದ್ದಳು. ಹಸಿ ತೊಗಲಲ್ಲಿ ಎಂಥ ಸೂಜಿಯೂ ಇಳಿಯುತ್ತದೆ. ಅರಿವೆ ಹೊಲಿಯುವ ಮಷಿನ್ನು ಒತ್ತೊತ್ತಾಗಿ ತೂತು ಹಾಕಿತ್ತು. ಒಣಗಿ ಬಿಗಿದಾಗ ತೂತು ತೂತು ಕೂಡಿ ಸೀಳಿತ್ತು. ನಲವತ್ತು ಚೀಲ ಹೀಗೆ ಹೊಲಿದಿದ್ದರೆ, ಬಸ್ಸಿನ ನಡುವೆ ಚಿಲ್ಲರೆ ಉದುರಿ...

"ಒಣಾ ತೊಗಲಿಗೆ ಆ ಸೂಜಿ ಮುರೀತೈತ್ರಿ," ಎಂದ ಸೋಮಪ್ಪ. "ಅದು ಪೋಲಕಾ ಹೊಲಿಯೂ ಮಷಿನ್. ಮಾಲಕ ಹಳೇದಕ್ಕ ಬಣ್ಣಾ ಹಚ್ಚಿಸಿ ಇಟ್ಟಾನ."

ಅವಳ ಸಿಟ್ಟು ಇಳಿಯಲಿಲ್ಲ. ದಾರಿ ಬದಲಿಸಿತು, ಅಷ್ಟೇ.

"ಇಷ್ಟ ಮಾತ ಅವತ್ತ ಆಡಾಕ ನಾಲಿಗಿ ಇರಲಿಲ್ಲೇನು?"

"ಮಾಲಕ ಕುಂತಿದ್ದ. ಅಂಜಿದ್ನಿ."

"ನೀವು ಅಂಜಿದ್ದಕ್ಕ ನಾ ಹತ್ತ ಮಂದ್ಯಾಗ ತಲಿ ತಗ್ಗಿಸಿ ಬಂದೇನಿ. ನಾ ಯಾರ ಅನ್ನೂದಕ್ಕ ಕೊಡಲಿಲ್ಲ ಅಂತ ಅವರೆಲ್ಲಾ ತಿಳಕೊಂಡ್ರು. ನಾನೂ ತಿಳಕೊಂಡೆ."

ಅವನ ಮುಖ ಕಪ್ಪಿಟ್ಟಿತು. "ಅದು ನನ್ನ ತಪ್ಪ. ನಾಕ ದಿನ ಉಂಡದ್ದು ರುಚಿ ಹತ್ತಿಲ್ಲ." ತಡೆದು ಹೇಳಿದ. "ಸವದತ್ತ್ಯಾಗ ಬಾಯವ್ವ ಅಂತ ಒಬ್ಬಾಕಿ ಅದಾಳ. ಗಂಡ ಕುದುರಿ ಜೀನ ಹೊಲೀತಿದ್ದ. ಅವನ ಮಷಿನ್ ಹಂಗs ಐತಿ. ನಿಮ್ಮ ಕೆಲಸಕ್ಕ ಅದs ಸೈ."

"ಅದನ್ನ ಆಮ್ಯಾಲೆ ನೋಡೂಣು. ಮೊದಲ, ಸಂತಿ ದಿನ, ಅದs ಅಂಗಡ್ಯಾಗ, ಮಂದಿ ಮುಂದ ಇದನ್ನ ಹೇಳ್ರಿ. ನನ್ನ ಅಂಗಳದಾಗ ಪಿಸುಗುಟ್ಟಿದ್ದು ನನಗ ಬ್ಯಾಡ."

ಅವನು ಹರಿದ ತುಂಡುಗಳನ್ನೊಮ್ಮೆ ನೋಡಿದ. ಸೈಕಲ್ ತಿರುಗಿಸಿಕೊಂಡು ಹೋದ.

'ಹೇಳೂದಿಲ್ಲ. ಕೆಲಸಾ ಬಿಡೂ ಗಂಡಸ ಅಲ್ಲ ಇಂವಾ...' ಎಂದುಕೊಂಡಳು. ಹಾಗಂದುಕೊಂಡಾಗ ಎದೆಯಲ್ಲೇಕೆ ನೋವಾಯಿತೋ ಅವಳಿಗೆ ತಿಳಿಯಲಿಲ್ಲ.

ಸಂತೆಯ ದಿನ ಹರಿದ ಎರಡು ತುಂಡುಗಳನ್ನು ಸೆರಗಿನಲ್ಲಿ ಕಟ್ಟಿಕೊಂಡು ಹೋದಳು. ಅಂಗಡಿ ತುಂಬಿತ್ತು.

"ಬಾರವ್ವಾ ಬಾ, ನಿನ್ನ ಮಷಿನ್ ಒರಸಿ ಇಟ್ಟೇನಿ," ಎಂದ ಮಹಾಂತಪ್ಪ.

ಮೂಲೆಯಲ್ಲಿ ಸೋಮಪ್ಪ ಎದ್ದು ನಿಂತ. ಸ್ಕ್ರೂಡ್ರೈವರ್ ಕೆಳಗಿಟ್ಟು ಮಂದಿಯ ಕಡೆ ತಿರುಗಿದ.

"ಇದು ತೊಗಲಿನ ಮಷಿನ್ ಅಲ್ರಿ. ನಾನs ಬಣ್ಣಾ ಹಚ್ಚೇನಿ. ಹ್ವಾದ ಸಂತ್ಯಾಗ ಇವರಿಗೆ ಕೊಡಂಗಿಲ್ಲ ಅಂದದ್ದು ಅದಕ್ಕ, ಅವರು ಯಾರ ಅನ್ನೂದಕ್ಕ ಅಲ್ಲ. ಅವತ್ತ ಹೇಳಾಕ ಅಂಜಿದ್ನಿ. ಇವತ್ತ ಹೇಳತೇನಿ."

ಮರೆವ್ವ ಸೆರಗಿನ ಗಂಟು ಬಿಚ್ಚಿ ಎರಡು ತುಂಡುಗಳನ್ನೂ ಗಾದಿಯ ಮೇಲಿಟ್ಟಳು. ಯಾರೂ ನಗಲಿಲ್ಲ.

"ಇಳಿಯಲೇ ಅಂಗಡಿ," ಎಂದ ಮಹಾಂತಪ್ಪ, ಬಹಳ ಸಣ್ಣ ದನಿಯಲ್ಲಿ.

ಸೋಮಪ್ಪ ತನ್ನ ಹತಾರದ ಪೆಟ್ಟಿಗೆ ಎತ್ತಿಕೊಂಡು ಇಳಿದ.

ಎರಡು ದಿನದ ನಂತರ ಇಬ್ಬರೂ ಸವದತ್ತಿಯಲ್ಲಿ, ಬಾಯವ್ವನ ಮನೆಯಲ್ಲಿದ್ದರು. "ಆರಿಸೂದು ನಾನು. ನೀವು ಬಾಯಿ ತಗೀಬಾರದು," ಎಂದು ಬಸ್ಸಿನಲ್ಲೇ ಹೇಳಿದ್ದಳು.

ಬಾಯವ್ವ ಮಷಿನ್ನಿಗೆ ಹೊದಿಸಿದ್ದ ಗೋಣಿತಾಟು ಸರಿಸಿದಳು. ಬಣ್ಣವಿಲ್ಲ, ಹೂಬಳ್ಳಿಯಿಲ್ಲ. ಕೆಳಗೆ ಹಲಗೆಯ ಬದಲು ಮುಂದಕ್ಕೆ ಚಾಚಿದ ಕಬ್ಬಿಣದ ತೋಳು. ಹೊಲಿದ ಚೀಲವನ್ನೇ ಅದರ ಮೇಲೆ ತೊಡಿಸಿ ಮೂಲೆ ತಿರುಗಿಸಬಹುದು. ಸೂಜಿಯ ತುದಿ ಉಳಿಯಂತೆ ಅಲಗಾಗಿತ್ತು.

ಈ ಸಲ ಅವಳು ತಂದದ್ದು ಒಣ ತೊಗಲು. ಕಾಲಿನಿಂದ ತುಳಿಯದೆ, ಕೈಯಿಂದಲೇ ಚಕ್ರ ನಿಧಾನ ತಿರುಗಿಸಿದಳು. ಎರಡು ಪದರ, ಇಳಿಯಿತು. ಮೂರು, ಇಳಿಯಿತು. ಪಟ್ಟಿ ಕೂಡುವ ಕಡೆಯ ನಾಲ್ಕು ಪದರಕ್ಕೆ ಚಕ್ರ ಒಂದು ಕ್ಷಣ ಬಿಗಿಯಿತು, ಆಮೇಲೆ ಟಕ್ಕೆಂದು ದಾಟಿತು. ಹೊಲಿಗೆ ಅಗಲಗಲ, ಅಪ್ಪ ಬೆರಳಿಗೆ ಎಣಿಸಿ ಹಾಕುತ್ತಿದ್ದಂತೆ. ತುಂಡಿನ ಮೇಲೆ ಕಾಲಿಟ್ಟು, ಎರಡೂ ಕೈಯಿಂದ ಮೇಲಕ್ಕೆ ಜಗ್ಗಿದಳು. ಹೊಲಿಗೆ ಬಿಡಲಿಲ್ಲ.

"ಇದs," ಎಂದಳು.

"ಈಗ ಮಾತಾಡಲೇನ್ರಿ?" ಎಂದ ಸೋಮಪ್ಪ.

"ಮಷಿನ್ ಸುದ್ದಿ ಆದ್ರ ಬ್ಯಾಡ."

"ಮಷಿನ್ ಸುದ್ದಿ ಅಲ್ಲ... ಅವತ್ತ ನಿಮ್ಮ ತೊಗಲ ಎಳಕೊಂಡಾಗ ನೀವು ನೋಡಿದ ನೋಟ ಇನ್ನೂ ನನ್ನ ಬಿಟ್ಟಿಲ್ಲ. ಸಿಟ್ಟಿನ ನೋಟ ಆದ್ರೂ ಆಗಲಿ, ದಿನಾ ಅದು ಬೇಕು ನನಗ. ನಿಮ್ಮ ಅಪ್ಪಗ ಕೇಳಲೇನು?"

ಮರೆವ್ವ ದಾರ ಸುತ್ತುತ್ತ ಕುಳಿತಳು. ಕಿವಿ ಬಿಸಿಯಾಗಿದ್ದವು.

"ನಿಮ್ಮ ಮಾತ ಇನ್ನೂ ಹಸೀ ಐತಿ. ಒಣಗಲಿ. ಆಮ್ಯಾಲೆ ಎಳದ ನೋಡತೇನಿ."

"ಕಾಲ ಇಟ್ಟ ಜಗ್ಗ್ರಿ ಬೇಕಾದ್ರ."

ಬಾಯವ್ವ ಬೊಚ್ಚುಬಾಯಲ್ಲಿ ನಕ್ಕು ಒಳಗೆ ಹೋದಳು.

ತಿರುಗಿ ಬರುವ ಬಸ್ಸಿನಲ್ಲಿ ಮಷಿನ್ನು ಇಬ್ಬರ ನಡುವೆ ಗೋಣಿ ಹೊದ್ದು ಕುಳಿತಿತ್ತು. ಕಂಡಕ್ಟರ್ ಬಂದ. ಅವನ ಚೀಲದ ಮೂಲೆ ಬಿಚ್ಚಿತ್ತು, ಸುತಳಿಯಿಂದ ಕಟ್ಟಿದ್ದ.

"ನನಗೊಂದು ಬೈಲಹೊಂಗಲ," ಎಂದು ಸೋಮಪ್ಪ ಕಿಸೆಗೆ ಕೈ ಹಾಕಿದ.

ಮರೆವ್ವ ಅವನ ಮೊಣಕೈ ಹಿಡಿದು ತಡೆದಳು. "ಎರಡ ಸಂಪಗಾಂವ ಕೊಡ್ರಿ."

ಅವನು ಅವಳತ್ತ ತಿರುಗಿದ. ಅವಳು ಕಿಟಕಿಯಾಚೆ ಎರೆಹೊಲ ನೋಡುತ್ತಿದ್ದಳು.

"ಸಿಟ್ಟು ಹೋತೇನ್ರಿ?"

"ಇಲ್ಲ," ಎಂದಳು, ಮೊಣಕೈ ಬಿಡದೆ. "ಮನಿಗೆ ಬರ್ರಿ. ಉಳದದ್ದು ಅಲ್ಲಿ ಬೈತೇನಿ."